ಜಿಗಿತದ ಹಣೆಬರಹ ನೆಲದ ಮೇಲೆ

ಮನುಷ್ಯ ತನ್ನ ಕಾಲಿನ ಬಲವೊಂದನ್ನೇ ನಂಬಿ ಮೇಲಕ್ಕೆ ನೆಗೆದರೆ ಎಷ್ಟು ಹೊತ್ತು ಗಾಳಿಯಲ್ಲಿರಬಲ್ಲ? ಬ್ಯಾಸ್ಕೆಟ್‌ಬಾಲ್ ಪ್ರಿಯರನ್ನು ಕೇಳಿದರೆ ಮೈಕೆಲ್ ಜೋರ್ಡನ್ ಹೆಸರು ಹೇಳಿ, ಎರಡು ಮೂರು ಸೆಕೆಂಡಾದರೂ ತೇಲುತ್ತಿದ್ದ ಎಂದಾರು. ಯಕ್ಷಗಾನದ ಅಭಿಮಾನಿ ತನ್ನ ಮೆಚ್ಚಿನ ಪುಂಡುವೇಷಧಾರಿಯ ದಿಗಿಣ ನೆನೆದು ಅಷ್ಟೇ ಖಚಿತವಾಗಿ ಹೇಳಿಯಾನು. ಗಡಿಯಾರದ ಉತ್ತರ ಬೇರೆ. ಮನುಷ್ಯನ ಮಿತಿ ಹೆಚ್ಚೂಕಡಿಮೆ ಒಂದು ಸೆಕೆಂಡು. ಲೋಕದ ಮೇಲ್ಮಟ್ಟದ ಆಟಗಾರರಲ್ಲೂ ಹೆಚ್ಚಿನವರು ಆ ಗೆರೆಯ ಈಚೆಗೇ ನೆಲ ಮುಟ್ಟುತ್ತಾರೆ. ನಾವು ನೀವು ನಿಂತಲ್ಲಿಂದ ಹಾರಿದರೆ ಸಿಗುವುದು ಅರ್ಧ ಸೆಕೆಂಡಿನ ಆಸುಪಾಸು.

ಕಣ್ಣಿಗೆ ಕಂಡದ್ದಕ್ಕೂ ಗಡಿಯಾರ ತೋರಿಸಿದ್ದಕ್ಕೂ ಇಷ್ಟು ಅಂತರ ಏಕೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಶಾಲೆಯ ಭೌತಶಾಸ್ತ್ರದ ಅರ್ಧ ಪಾಠ ಆಟದ ಮೈದಾನದಲ್ಲೇ ಮುಗಿಯುತ್ತದೆ.

ಮೊದಲು ಲೆಕ್ಕ. ನೆಲ ಬಿಟ್ಟವನ ಮೇಲ್ಮುಖ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರ್‌ನಂತೆ ಕುಗ್ಗುತ್ತ ಹೋಗುತ್ತದೆ, ತುದಿಯಲ್ಲಿ ಸೊನ್ನೆಯಾಗುತ್ತದೆ, ಅಲ್ಲಿಂದ ಕೆಳಮುಖವಾಗಿ ಅದೇ ದರದಲ್ಲಿ ಬೆಳೆಯುತ್ತದೆ. ಹಾಗಾಗಿ ಏರಲು ಹಿಡಿದಷ್ಟೇ ಹೊತ್ತು ಇಳಿಯಲೂ ಬೇಕು. ಇದರಿಂದ ಒಂದು ಸುಲಭ ಸೂತ್ರ ಹುಟ್ಟುತ್ತದೆ. ಗಾಳಿಯಲ್ಲಿದ್ದ ಹೊತ್ತನ್ನು ಸೆಕೆಂಡಿನಲ್ಲಿ ಬರೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.225ರಿಂದ ಗುಣಿಸಿದರೆ ಹಾರಿದ ಎತ್ತರ ಮೀಟರ್‌ನಲ್ಲಿ ಸಿಗುತ್ತದೆ. 0.4 ಸೆಕೆಂಡು ಇದ್ದವನು 20 ಸೆಂಟಿಮೀಟರ್ ಏರಿದ್ದಾನೆ. 0.5 ಸೆಕೆಂಡಿಗೆ 31 ಸೆಂಟಿಮೀಟರ್, 0.6ಕ್ಕೆ 44, 0.7ಕ್ಕೆ 60, 0.8ಕ್ಕೆ 78. ಪೂರಾ ಒಂದು ಸೆಕೆಂಡು ಬೇಕೆಂದರೆ 122 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ ಏರಬೇಕು. ಇಲ್ಲಿ ಎತ್ತರ ಎಂದರೆ ಕೈ ತುದಿ ಮುಟ್ಟಿದ ಜಾಗವಲ್ಲ, ನೆಲ ಬಿಟ್ಟ ಗಳಿಗೆಯಿಂದ ಇಡೀ ದೇಹ ಮೇಲಕ್ಕೆ ಸರಿದ ದೂರ.

ಈ ಲೆಕ್ಕದ ಕಠಿಣ ಭಾಗ ಇನ್ನು ಮುಂದಿದೆ. ಹೊತ್ತು ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು, ಕಾಲು ಒದಗಿಸಬೇಕಾದ ಶಕ್ತಿಯೂ ನಾಲ್ಕು ಪಟ್ಟು. ಎರಡು ಸೆಕೆಂಡು ಗಾಳಿಯಲ್ಲಿರಲು ಸುಮಾರು 5 ಮೀಟರ್ ಹಾರಬೇಕು, ಅಂದರೆ ಒಂದು ಅಂತಸ್ತಿನ ಮನೆಯ ತಾರಸಿಗಿಂತ ಮೇಲೆ. ಅಷ್ಟು ಎತ್ತರಕ್ಕೆ ಹೋಗಲು ಮನುಷ್ಯನಿಗೆ ಕೋಲು ಬೇಕು. 1985ರಲ್ಲಿ ಪ್ಯಾರಿಸ್‌ನಲ್ಲಿ ಸೆರ್ಗೆಯ್ ಬುಬ್ಕಾ ಪೋಲ್ ವಾಲ್ಟ್‌ನಲ್ಲಿ ಮೊದಲ ಬಾರಿಗೆ 6 ಮೀಟರ್ ದಾಟಿದರು. ಅಂಥ ಎತ್ತರದಿಂದ ಹಾಸಿಗೆಗೆ ಬೀಳುವುದಕ್ಕೇ ಒಂದು ಸೆಕೆಂಡು ಹಿಡಿಯುತ್ತದೆ. ಬರಿಗಾಲಿನ ಶಕ್ತಿಯಲ್ಲಿ ಆ ದಾರಿ ಇಲ್ಲ.

ಇನ್ನು ಕಾಲು ಮಾಡುವ ಕೆಲಸವನ್ನು ನೋಡೋಣ. ನಿಂತಲ್ಲೇ ಮಂಡಿ ಬಗ್ಗಿಸಿ, 40 ಸೆಂಟಿಮೀಟರ್ ಕೆಳಕ್ಕಿಳಿದು, ಚಿಮ್ಮಿ 50 ಸೆಂಟಿಮೀಟರ್ ಹಾರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಪಾದಗಳು ನೆಲ ಬಿಡುವಾಗ ದೇಹದ ವೇಗ ಸೆಕೆಂಡಿಗೆ 3 ಮೀಟರ್‌ಗಿಂತ ತುಸು ಹೆಚ್ಚು. ಆ ವೇಗವನ್ನು ಗಳಿಸಲು ಅವಳಿಗಿರುವ ದಾರಿ ಬಗ್ಗಿದಲ್ಲಿಂದ ನೆಟ್ಟಗಾಗುವವರೆಗಿನ ಆ 40 ಸೆಂಟಿಮೀಟರ್ ಮಾತ್ರ, ಇರುವ ಹೊತ್ತು ಕಾಲು ಸೆಕೆಂಡು ಮಾತ್ರ. ಅಷ್ಟರಲ್ಲಿ ಅವಳು ನೆಲವನ್ನು ತನ್ನ ತೂಕದ ಎರಡೂಕಾಲು ಪಟ್ಟು ಬಲದಿಂದ ಒತ್ತಬೇಕು. 60 ಕಿಲೋ ತೂಗುವವಳಾದರೆ 135 ಕಿಲೋ ಹೊರೆಗೆ ಸಮನಾದ ಒತ್ತಡ. ಅವಳು ಒತ್ತಿದಷ್ಟೇ ಬಲದಿಂದ ನೆಲ ಅವಳನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಎಂದು ನಾವು ಬಾಯಿಪಾಠ ಮಾಡಿದ್ದು ಇದೇ. ಮಂಡಿ ಬಗ್ಗಿಸುವುದು, ಕೈ ಬೀಸುವುದು, ಹಿಮ್ಮಡಿಯಿಂದ ತುದಿಗಾಲಿಗೆ ಬರುವುದು, ಇವೆಲ್ಲ ಆ ಕಾಲು ಸೆಕೆಂಡಿನಲ್ಲಿ ನೆಲದಿಂದ ಹೆಚ್ಚು ತಳ್ಳುವಿಕೆ ಪಡೆಯುವ ಉಪಾಯಗಳು. ಕೈ ಕಟ್ಟಿಕೊಂಡು ಒಮ್ಮೆ, ಬೀಸಿಕೊಂಡು ಒಮ್ಮೆ ಹಾರಿ ನೋಡಿದರೆ ವ್ಯತ್ಯಾಸ ಯಾರಿಗೂ ತಿಳಿಯುತ್ತದೆ.

ಪಾದ ನೆಲ ಬಿಟ್ಟಿತೋ, ಅಲ್ಲಿಗೆ ವ್ಯವಹಾರ ಮುಗಿಯಿತು. ತಳ್ಳಲು ಇನ್ನು ಏನೂ ಇಲ್ಲ. ಗಾಳಿ ತೆಳು, ಈ ವೇಗದಲ್ಲಿ ಅದರ ತಡೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಉಳಿದದ್ದು ಗುರುತ್ವ ಒಂದೇ, ಅದು ಯಾರ ಮಾತನ್ನೂ ಕೇಳುವುದಿಲ್ಲ. ದೇಹದ ಎಲ್ಲ ತೂಕವೂ ಒಂದೆಡೆ ಸೇರಿದೆಯೆಂದು ಭಾವಿಸಬಹುದಾದ ಬಿಂದುವನ್ನು ಗುರುತ್ವ ಕೇಂದ್ರ ಎನ್ನುತ್ತೇವೆ. ನೆಟ್ಟಗೆ ನಿಂತಾಗ ಅದು ಹೊಕ್ಕುಳಿನ ಸ್ವಲ್ಪ ಕೆಳಗೆ, ದೇಹದೊಳಗಿರುತ್ತದೆ. ನೆಲ ಬಿಟ್ಟ ಮೇಲೆ ಆ ಬಿಂದು ಹಿಡಿಯುವ ದಾರಿಯನ್ನು ಹಾರಿದವನು ಕೂದಲೆಳೆಯಷ್ಟೂ ಬದಲಾಯಿಸಲಾರ. ಚಿನ್ನಿದಾಂಡಿನಲ್ಲಿ ಹೊಡೆದ ಚಿನ್ನಿ ಗಿರಗಿರ ತಿರುಗುತ್ತ ಹೋದರೂ ಅದರ ನಡುಬಿಂದು ಮಾತ್ರ ಒಂದೇ ನಯವಾದ ಕಮಾನಿನಲ್ಲಿ ಸಾಗುವಂತೆ, ಕೈಕಾಲು ಎಷ್ಟೇ ಬಡಿದರೂ ಜಿಗಿದವನ ಗುರುತ್ವ ಕೇಂದ್ರ ತನ್ನ ಕಮಾನನ್ನು ಬಿಡುವುದಿಲ್ಲ. ಜಿಗಿತದ ಹಣೆಬರಹ ಬರೆದಾಗುವುದು ನೆಲದ ಮೇಲೆಯೇ. ಗಾಳಿಯಲ್ಲಿ ಅದನ್ನು ಓದಿ ಮುಗಿಸುವುದಷ್ಟೇ ಬಾಕಿ.

ಹಾಗಾದರೆ ಮೇಲೆ ಹೋಗಿ ನಿಂತಂತೆ ಕಾಣುವುದು ಸುಳ್ಳೇ? ಅದರಲ್ಲಿ ಅರ್ಧ ಸತ್ಯವಿದೆ, ಆ ಸತ್ಯ ಬಹಳ ಸೊಗಸಾದದ್ದು. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಕೃತಿಯಲ್ಲಿ ಬೀಳುವ ವಸ್ತುಗಳ ಲೆಕ್ಕ ಕೊಟ್ಟಿದ್ದಾನೆ. ನಿಶ್ಚಲ ಸ್ಥಿತಿಯಿಂದ ಬೀಳಲು ತೊಡಗಿದ ವಸ್ತು ಮೊದಲ ಗಳಿಗೆಯಲ್ಲಿ ಒಂದು ಪಾಲು ದೂರ ಬಿದ್ದರೆ, ಅಷ್ಟೇ ಅವಧಿಯ ಎರಡನೆಯ ಗಳಿಗೆಯಲ್ಲಿ ಮೂರು ಪಾಲು, ಮೂರನೆಯದರಲ್ಲಿ ಐದು ಪಾಲು ಬೀಳುತ್ತದೆ. ಜಿಗಿದವನು ತುದಿ ಮುಟ್ಟಿ ಇಳಿಯುವ ಹೊತ್ತನ್ನು ಎರಡು ಸಮ ಭಾಗ ಮಾಡಿ. ಮೊದಲ ಭಾಗದಲ್ಲಿ ಆತ ಇಳಿಯುವುದು ಒಂದು ಪಾಲು, ಎರಡನೆಯದರಲ್ಲಿ ಮೂರು ಪಾಲು. ಏರುವಾಗಲೂ ಇದೇ ಲೆಕ್ಕ, ತಿರುಗುಮುರುಗಾಗಿ. ಅಂದರೆ ಗಾಳಿಯಲ್ಲಿರುವ ಒಟ್ಟು ಹೊತ್ತಿನ ಅರ್ಧ ಭಾಗವನ್ನು ಯಾವ ಜಿಗಿತಗಾರನೂ ತನ್ನ ಎತ್ತರದ ಮೇಲಿನ ಕಾಲು ಭಾಗದಲ್ಲೇ ಕಳೆಯುತ್ತಾನೆ.

ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನೋಡಿದವರಿಗೆ ಇದು ಗೊತ್ತು, ಲೆಕ್ಕ ಗೊತ್ತಿಲ್ಲದಿದ್ದರೂ. ಸ್ಮ್ಯಾಶ್ ಹೊಡೆಯುವವನು ಓಡಿ ಬಂದು 60 ಸೆಂಟಿಮೀಟರ್ ಹಾರಿದ ಎನ್ನೋಣ. ಆತ ಗಾಳಿಯಲ್ಲಿರುವುದು 0.7 ಸೆಕೆಂಡು. ಅದರಲ್ಲಿ 0.35 ಸೆಕೆಂಡು ಮೇಲಿನ 15 ಸೆಂಟಿಮೀಟರ್ ಒಳಗೇ ಕಳೆಯುತ್ತದೆ. ಕೆಳಗಿನ 45 ಸೆಂಟಿಮೀಟರನ್ನು ಆತ ಏರುವಾಗಲೂ ಇಳಿಯುವಾಗಲೂ ಸರ್ರನೆ ದಾಟಿಬಿಡುತ್ತಾನೆ, ಕಣ್ಣು ಅದನ್ನು ಹಿಡಿಯುವುದೇ ಇಲ್ಲ. ನಮ್ಮ ನೆನಪಿನಲ್ಲಿ ಉಳಿಯುವುದು ಬಲೆಯ ಮೇಲೆ ತಡೆದು ನಿಂತ ಆ ಅರ್ಧ ಭಾಗ. ಎದುರಿನ ತಡೆಗಾರರ ಕೈ ಇಳಿಯುವವರೆಗೆ ಕಾದು ಚೆಂಡು ಹೊಡೆಯುವ ಜಾಣ ಆಟಗಾರ ಗುರುತ್ವವನ್ನು ಸೋಲಿಸಿಲ್ಲ. ಎದುರಾಳಿಗಿಂತ ತುಸು ತಡವಾಗಿ ನೆಲ ಬಿಟ್ಟಿದ್ದಾನೆ, ತನ್ನ ತುದಿಯ ಹೊತ್ತು ಅವರ ಇಳಿಯುವ ಹೊತ್ತಿಗೆ ಹೊಂದುವಂತೆ ಲೆಕ್ಕ ಹಾಕಿದ್ದಾನೆ.

ಭ್ರಮೆಯ ಉಳಿದರ್ಧವನ್ನು ದೇಹ ತಾನೇ ಸೃಷ್ಟಿಸುತ್ತದೆ. ಬ್ಯಾಲೆ ನರ್ತಕಿ ರಂಗದ ಈ ತುದಿಯಿಂದ ಆ ತುದಿಗೆ ಜಿಗಿಯುವಾಗ ಗಾಳಿಯಲ್ಲಿ ಕಾಲುಗಳನ್ನು ಎರಡೂ ಕಡೆಗೆ ಚಾಚಿ ಮೇಲೆತ್ತುತ್ತಾಳೆ. ಕಾಲು ಮೇಲೆ ಬಂದರೆ ಗುರುತ್ವ ಕೇಂದ್ರ ದೇಹದೊಳಗೆ ಮೇಲಕ್ಕೆ ಸರಿಯುತ್ತದೆ. ಕೇಂದ್ರ ಹೋಗಬೇಕಾದ ಕಮಾನು ಆಗಲೇ ಗೊತ್ತಾಗಿರುವುದರಿಂದ, ಕೇಂದ್ರಕ್ಕೆ ಹೋಲಿಸಿದರೆ ತಲೆ ಮತ್ತು ಮುಂಡ ಆ ಹೊತ್ತಿನಲ್ಲಿ ಕೆಳಗುಳಿಯುತ್ತವೆ. ಫಲವಾಗಿ ಕಮಾನಿನ ತುದಿಯಲ್ಲಿ ಅವಳ ತಲೆ ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ಸಾಗುತ್ತದೆ. ನಾವು ನೋಡುವುದು ಮುಖವನ್ನಾದ್ದರಿಂದ ತೇಲಿದಳು ಎನ್ನುತ್ತೇವೆ. ಅವಳ ಕಲೆ ಇರುವುದು ಬದಲಾಗದ ಕಮಾನಿನ ಸುತ್ತ ಬದಲಾಗಬಲ್ಲ ದೇಹವನ್ನು ಜೋಡಿಸುವುದರಲ್ಲಿ.

ಯಕ್ಷಗಾನದ ತೆಂಕುತಿಟ್ಟಿನ ದಿಗಿಣದಲ್ಲಿ ಈ ಕಲೆಗೆ ಇನ್ನೊಂದು ಎಳೆ ಸೇರುತ್ತದೆ. ಅಭಿಮನ್ಯುವೋ ಬಬ್ರುವಾಹನನೋ ಚೆಂಡೆಯ ಪೆಟ್ಟಿಗೆ ನೆಲ ಬಿಟ್ಟು, ಕಾಲು ಮಡಚಿ, ಗಾಳಿಯಲ್ಲೇ ಗಿರಕಿ ಹೊಡೆದು ಇಳಿಯುತ್ತಾನೆ, ಇಳಿದೊಡನೆ ಮತ್ತೆ ಚಿಮ್ಮುತ್ತಾನೆ. ಮಡಚಿದ ಕಾಲುಗಳಿಂದಾಗಿ ಪಾದ ನೆಲದಿಂದ ಬಹಳ ಮೇಲೆ ಕಾಣುತ್ತದೆ. ಗುರುತ್ವ ಕೇಂದ್ರ ಏರುವುದು ಅದಕ್ಕಿಂತ ಎಷ್ಟೋ ಕಡಿಮೆ. ಅದು 30ರಿಂದ 40 ಸೆಂಟಿಮೀಟರ್ ಏರಿತು ಎಂದಿಟ್ಟುಕೊಂಡರೆ ಕಲಾವಿದನ ಕೈಯಲ್ಲಿರುವುದು ಅರ್ಧ ಸೆಕೆಂಡು, ಹೆಚ್ಚೆಂದರೆ ಅದರ ಮೇಲೆ ಸ್ವಲ್ಪ. ಅಷ್ಟರಲ್ಲಿ ಒಂದು ಸುತ್ತು ಮುಗಿಯಬೇಕು. ತಿರುಗುವಿಕೆಗೂ ಎತ್ತರದ್ದೇ ನಿಯಮ ಅನ್ವಯಿಸುತ್ತದೆ. ಅದರ ಒಟ್ಟು ಮೊತ್ತ, ಅಂದರೆ ಕೋನೀಯ ಸಂವೇಗ, ಪಾದ ನೆಲದಲ್ಲಿರುವಾಗಲೇ ಗಳಿಸಿಕೊಂಡದ್ದು. ಗಾಳಿಯಲ್ಲಿ ಕೈಕಾಲು ಒಳಗೆಳೆದುಕೊಂಡರೆ ಸುತ್ತು ಚುರುಕಾಗುತ್ತದೆ, ಚಾಚಿದರೆ ನಿಧಾನವಾಗುತ್ತದೆ. ಹೊಸದಾಗಿ ಒಂದಿಷ್ಟೂ ಸೇರಿಸಲಾಗದು. ಒಂದರ ಹಿಂದೊಂದು ದಿಗಿಣ ಹಾಕುವ ಕಲಾವಿದ ಪ್ರತಿ ಸಲವೂ ಎತ್ತರವನ್ನೂ ಸುತ್ತನ್ನೂ ನೆಲದಿಂದ ಹೊಸದಾಗಿ ಪಡೆಯುತ್ತಿರುತ್ತಾನೆ, ಅದೂ ಮೈಮೇಲೆ ಭಾರದ ವೇಷ ಹೊತ್ತುಕೊಂಡು, ತಾಳ ತಪ್ಪದೆ. ಅದರ ಹಿಂದಿನ ಶ್ರಮಕ್ಕೆ ನಾವು ಕೊಡುವ ಗೌರವ ಈ ಲೆಕ್ಕದಿಂದ ಹೆಚ್ಚೇ ಆಗಬೇಕು.

ಉದ್ದ ಜಿಗಿತದಲ್ಲಿ ಗಾಳಿಯಲ್ಲಿರುವ ಹೊತ್ತು ನೇರವಾಗಿ ಪದಕವಾಗಿ ಮಾರ್ಪಡುತ್ತದೆ. 2023ರ ಮಾರ್ಚ್ 2ರಂದು ನಮ್ಮ ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಮೈದಾನದಲ್ಲಿ ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದರು. ಲೋಕದ ದಾಖಲೆ ಮೈಕ್ ಪೊವೆಲ್ 1991ರಲ್ಲಿ ಟೋಕಿಯೊದಲ್ಲಿ ಜಿಗಿದ 8.95 ಮೀಟರ್. ಎಂಟು ಮೀಟರ್ ದಾಟುವ ಈ ಮಟ್ಟದ ಜಿಗಿತಗಾರ ಸೆಕೆಂಡಿಗೆ 10 ಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಓಡಿ ಬರುತ್ತಾನೆ. ಟೇಕ್ ಆಫ್ ಹಲಗೆಯ ಮೇಲೆ ಅವನ ಪಾದ ಇರುವುದು ಸೆಕೆಂಡಿನ ಸುಮಾರು ಎಂಟನೆಯ ಒಂದು ಭಾಗ ಹೊತ್ತು. ಅಷ್ಟರಲ್ಲಿ ಮುನ್ನುಗ್ಗುವ ವೇಗದಲ್ಲಿ ಒಂದಿಷ್ಟನ್ನು ಕಳೆದುಕೊಂಡು, ಸೆಕೆಂಡಿಗೆ ಮೂರೂವರೆ ಮೀಟರ್ ಮೇಲ್ಮುಖ ವೇಗವನ್ನು ಗಳಿಸಬೇಕು. ಇದಕ್ಕಾಗಿ ಒಂದೇ ಕಾಲು ತನ್ನ ದೇಹತೂಕದ ಸರಾಸರಿ ನಾಲ್ಕು ಪಟ್ಟು ಬಲವನ್ನು ತಾಳಿಕೊಳ್ಳುತ್ತದೆ. ಆ ಮೇಲ್ಮುಖ ವೇಗ ಅವನನ್ನು 60 ಸೆಂಟಿಮೀಟರ್‌ನಷ್ಟು ಏರಿಸುತ್ತದೆ. ಇಳಿಯುವಾಗ ಕಾಲು ಮುಂದೆ ಚಾಚಿ ಸೊಂಟ ತಗ್ಗಿಸುವುದರಿಂದ ಗುರುತ್ವ ಕೇಂದ್ರ ಹೊರಟ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ಬರುತ್ತದೆ, ಇದರಿಂದ ಇನ್ನಷ್ಟು ಹೊತ್ತು ಸಿಗುತ್ತದೆ. ಎಲ್ಲ ಸೇರಿ 0.85 ಸೆಕೆಂಡಿನ ಆಸುಪಾಸು. ಅಷ್ಟು ಹೊತ್ತಿನಲ್ಲಿ ಮುಂದಕ್ಕೆ ಸಾಗಿದ್ದೇ ದಾಖಲೆ.

ಎಸೆದ ವಸ್ತು ಅತಿ ದೂರ ಹೋಗಲು 45 ಡಿಗ್ರಿ ಕೋನ ಬೇಕೆಂದು ಪಿಯುಸಿಯಲ್ಲಿ ಓದಿದವರು ಕೇಳಬಹುದು: ಜಿಗಿತಗಾರರು 20 ಡಿಗ್ರಿಯ ಆಸುಪಾಸಿನಲ್ಲೇ ಹೊರಡುವುದೇಕೆ? ಸೆಕೆಂಡಿಗೆ 10 ಮೀಟರ್ ಮುನ್ನುಗ್ಗುವವನು 45 ಡಿಗ್ರಿಯಲ್ಲಿ ಹೊರಡಬೇಕಾದರೆ ಮೇಲಕ್ಕೂ ಅಷ್ಟೇ ವೇಗ ಬೇಕು. ಹಾಗಾದರೆ ಅವನು 5 ಮೀಟರ್ ಎತ್ತರಕ್ಕೆ ಹೋಗಬೇಕಾಗುತ್ತದೆ. ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲಿ ಅಂಥ ಬಲ ಕೊಡಬಲ್ಲ ಕಾಲು ಲೋಕದಲ್ಲಿಲ್ಲ. ಪಠ್ಯಪುಸ್ತಕದ ಸೂತ್ರ ತಪ್ಪಿಲ್ಲ, ಫಿರಂಗಿಗುಂಡಿಗೆ ಯಾವ ಕೋನದಲ್ಲಿ ಹೊರಟರೂ ವೇಗ ಒಂದೇ ಇರುತ್ತದೆ, ಮನುಷ್ಯನಿಗೆ ಇರುವುದಿಲ್ಲ. ಗಾಳಿಯಲ್ಲಿ ಜಿಗಿತಗಾರರು ಓಡಿದಂತೆ ಕಾಲು ಆಡಿಸುವುದನ್ನೂ ನೀವು ನೋಡಿರುತ್ತೀರಿ. ಅದರಿಂದ ಒಂದು ಕ್ಷಣವೂ ಹೆಚ್ಚು ಸಿಗದು. ಹಲಗೆಯಲ್ಲಿ ಪಾದ ತಡೆದಾಗ ದೇಹ ಮುಂದಕ್ಕೆ ಮುಗ್ಗರಿಸುವ ಸುತ್ತು ಪಡೆದಿರುತ್ತದೆ. ಕೈಕಾಲು ಆಡಿಸುವುದು ಆ ಸುತ್ತನ್ನು ತಡೆದು, ಇಳಿಯುವಾಗ ಕಾಲು ಮುಂದೆ ಇರುವಂತೆ ನೋಡಿಕೊಳ್ಳುವ ಉಪಾಯ.

ಎತ್ತರ ಜಿಗಿತದಲ್ಲಿ ಗುರುತ್ವ ಕೇಂದ್ರದ ಆಟ ಇನ್ನೂ ಸೂಕ್ಷ್ಮ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಅಡ್ಡಪಟ್ಟಿಗೆ ಬೆನ್ನು ಕೊಟ್ಟು, ಕಮಾನಿನಂತೆ ಬಾಗಿ 2.24 ಮೀಟರ್ ದಾಟಿ ಚಿನ್ನ ಗೆದ್ದರು. ಬೆನ್ನು ಹಾಗೆ ಬಾಗಿದಾಗ ಗುರುತ್ವ ಕೇಂದ್ರ ದೇಹದ ಹೊರಗೆ, ಬೆನ್ನಿನ ಕೆಳಗೆ ಬೀಳಬಲ್ಲದು. ತಲೆ, ಬೆನ್ನು, ಸೊಂಟ, ಕಾಲು ಒಂದೊಂದಾಗಿ ಪಟ್ಟಿಯ ಮೇಲಿಂದ ಹೋಗುವಾಗ ಕೇಂದ್ರ ಪಟ್ಟಿಯ ಕೆಳಗಿಂದಲೇ ನುಸುಳಬಹುದು. 1993ರಲ್ಲಿ ಕ್ಯೂಬಾದ ಹಾವಿಯೆರ್ ಸೊತೊಮಾಯೊರ್ ಇದೇ ಶೈಲಿಯಲ್ಲಿ 2.45 ಮೀಟರ್ ದಾಟಿದರು. ಇಷ್ಟೆತ್ತರಕ್ಕೆ ಹಾರುವವರ ಗುರುತ್ವ ಕೇಂದ್ರ ಏರಬೇಕಾದದ್ದು ಸುಮಾರು ಒಂದು ಮೀಟರ್. ತುದಿಗಾಲಲ್ಲಿ ನಿಂತು, ಒಂದು ಮಂಡಿಯನ್ನೂ ಕೈಗಳನ್ನೂ ಮೇಲೆತ್ತಿ ನೆಲ ಬಿಡುವಾಗಲೇ ಆ ಉದ್ದನೆಯ ದೇಹದ ಕೇಂದ್ರ 1.3, 1.4 ಮೀಟರ್ ಎತ್ತರದಲ್ಲಿರುತ್ತದೆ.

ಈ ಲೆಕ್ಕ ಗೊತ್ತಾದ ಮೇಲೆ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಸಾಧನೆಯ ತೂಕ ಸರಿಯಾಗಿ ತಿಳಿಯುತ್ತದೆ. ಹುಟ್ಟಿನಿಂದಲೇ ಎಡಗಾಲಿನ ಊನವಿದ್ದ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಅವರು ಹಾರಿದ್ದು ಕತ್ತರಿ ಶೈಲಿಯಲ್ಲಿ, ಅಂದರೆ ಮುಂಡ ನೆಟ್ಟಗಿಟ್ಟು ಒಂದರ ಹಿಂದೆ ಒಂದು ಕಾಲನ್ನು ಪಟ್ಟಿಯ ಮೇಲಿಂದ ದಾಟಿಸುವ ಹಳೆಯ ರೀತಿಯಲ್ಲಿ. ಈ ಶೈಲಿಯಲ್ಲಿ ಗುರುತ್ವ ಕೇಂದ್ರ ಕೆಳಗಿಂದ ನುಸುಳುವ ಸೌಲಭ್ಯವಿಲ್ಲ, ಅದು ಪಟ್ಟಿಗಿಂತ ಒಂದು ಗೇಣಾದರೂ ಮೇಲೆ ಹೋಗಲೇಬೇಕು. ಫಾಸ್ಬರಿ ಶೈಲಿ ಉಳಿಸಿಕೊಡುವ ಆ ಎತ್ತರವನ್ನು ಗಿರೀಶ ಒಂದೇ ಕಾಲಿನ ಬಲದಿಂದ ಗಳಿಸಿದ್ದರು.

ತೂಕ ಕಡಿಮೆ ಇದ್ದರೆ ಹೆಚ್ಚು ಹೊತ್ತು ತೇಲಬಹುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಒಂದೇ ವೇಗದಲ್ಲಿ ನೆಲ ಬಿಟ್ಟ ಆನೆಮರಿಗೂ ಮನುಷ್ಯನಿಗೂ ಸಿಗುವ ಹೊತ್ತು ಒಂದೇ. ತೂಕ ಲೆಕ್ಕಕ್ಕೆ ಬರುವುದು ನೆಲದ ಮೇಲೆ, ಆ ವೇಗ ಗಳಿಸುವಾಗ. 1680ರಲ್ಲಿ ಪ್ರಕಟವಾದ ಪ್ರಾಣಿಗಳ ಚಲನೆಯ ಗ್ರಂಥದಲ್ಲಿ ಇಟಲಿಯ ಬೊರೆಲ್ಲಿ ಇದಕ್ಕೊಂದು ಆಳವಾದ ಮಾತು ಸೇರಿಸಿದ. ಸ್ನಾಯು ಹೆಚ್ಚಿದಷ್ಟೂ ಅದು ಕೊಡುವ ಶಕ್ತಿ ಹೆಚ್ಚುತ್ತದೆ, ಎತ್ತಬೇಕಾದ ತೂಕವೂ ಅಷ್ಟೇ ಹೆಚ್ಚುತ್ತದೆ. ಹಾಗಾಗಿ ಒಂದೇ ಬಗೆಯ ದೇಹರಚನೆಯ ಪ್ರಾಣಿಗಳು, ಗಾತ್ರ ಏನೇ ಇರಲಿ, ಹೆಚ್ಚೂಕಡಿಮೆ ಒಂದೇ ಎತ್ತರಕ್ಕೆ ಹಾರಬೇಕು. ಚಿಗಟ ಮನುಷ್ಯನಷ್ಟು ದೊಡ್ಡದಾದರೆ ಗೋಪುರ ದಾಟುತ್ತಿತ್ತು ಎಂಬ ಜನಪ್ರಿಯ ಮಾತು ಈ ಕಾರಣಕ್ಕೇ ತಪ್ಪು. ಚಿಗಟ ಹಾರುವುದು ಒಂದು ಗೇಣಿನ ಆಸುಪಾಸು. ನಿಜವಾದ ವೀರ ಆಫ್ರಿಕಾದ ಗಲಾಗೊ. ಅಂಗೈಯಲ್ಲಿ ಕೂರುವ ಆ ಪುಟ್ಟ ಜೀವಿ ಎರಡು ಮೀಟರ್‌ಗಿಂತ ಹೆಚ್ಚು ಎತ್ತರಕ್ಕೆ ನೆಗೆದದ್ದನ್ನು ಪ್ರಾಣಿಶಾಸ್ತ್ರಜ್ಞರು ಅಳೆದಿದ್ದಾರೆ. ಮನುಷ್ಯನಿಗೆ ಸಿಗದ ಆ ಒಂದು ಸೆಕೆಂಡು ಅದಕ್ಕೆ ಸುಲಭ. ಅದರ ಹತ್ತಿರದ ಬಂಧು, ನಮ್ಮ ತುಮಕೂರು ಕಡೆಯ ಕಾಡುಪಾಪ, ಜಿಗಿಯುವ ಗೋಜಿಗೇ ಹೋಗದೆ ಕೊಂಬೆ ಹಿಡಿದು ನಿಧಾನವಾಗಿ ನಡೆಯುತ್ತದೆ. ವ್ಯತ್ಯಾಸ ಇರುವುದು ಹಿಂಗಾಲಿನ ಉದ್ದ ಮತ್ತು ಸ್ನಾಯುಗಳಲ್ಲಿ.

ಗುರುತ್ವವೇ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. 1972ರ ಏಪ್ರಿಲ್‌ನಲ್ಲಿ ಅಪೊಲೊ 16ರ ಜಾನ್ ಯಂಗ್ ಚಂದ್ರನ ಮೇಲೆ ಧ್ವಜಕ್ಕೆ ವಂದಿಸುತ್ತ ಜಿಗಿದರು, ಸಂಗಾತಿ ಚಾರ್ಲ್ಸ್ ಡ್ಯೂಕ್ ಚಿತ್ರ ತೆಗೆದರು. ದೂರದರ್ಶನದ ಚಿತ್ರಿಕೆಗಳಿಂದ ಲೆಕ್ಕ ಹಾಕಿದರೆ ಯಂಗ್ ಏರಿದ್ದು 42 ಸೆಂಟಿಮೀಟರ್, ನೆಲ ಬಿಟ್ಟಿದ್ದದ್ದು 1.45 ಸೆಕೆಂಡು. ಅದೇ ವೇಗದಲ್ಲಿ ಭೂಮಿಯ ಮೇಲೆ ಹೊರಟಿದ್ದರೆ 7 ಸೆಂಟಿಮೀಟರ್ ಏರಿ, ಕಾಲು ಸೆಕೆಂಡಿನೊಳಗೆ ಇಳಿಯುತ್ತಿದ್ದರು. ಬಿಗಿಯಾದ ಅಂತರಿಕ್ಷ ಉಡುಪಿನಲ್ಲಿ, ಬೆನ್ನಿಗೆ ದೊಡ್ಡ ಪೆಟ್ಟಿಗೆ ಹೊತ್ತು, ಮಂಡಿಯನ್ನು ಸರಿಯಾಗಿ ಬಗ್ಗಿಸಲೂ ಆಗದ ಸ್ಥಿತಿಯಲ್ಲಿ ಹಾರಿದ ಜಿಗಿತವದು.

ಇದನ್ನೆಲ್ಲ ನಂಬಿಕೆಯ ಮೇಲೆ ಒಪ್ಪಬೇಕಿಲ್ಲ. ಇಂದು ಮೊಬೈಲ್ ಫೋನುಗಳಲ್ಲಿ ಸ್ಲೋ ಮೋಷನ್ ವಿಡಿಯೊ ಸೌಲಭ್ಯವಿದೆ, ಹಲವು ಫೋನುಗಳು ಸೆಕೆಂಡಿಗೆ 240 ಚಿತ್ರಿಕೆ ತೆಗೆಯುತ್ತವೆ. ಫೋನನ್ನು ನೆಲದ ಮಟ್ಟದಲ್ಲಿಟ್ಟು ಮಕ್ಕಳನ್ನು ನಿಂತಲ್ಲಿಂದ ಹಾರಿಸಿ. ತುದಿಗಾಲು ನೆಲ ಬಿಟ್ಟ ಚಿತ್ರಿಕೆಯಿಂದ ಮತ್ತೆ ಮುಟ್ಟಿದ ಚಿತ್ರಿಕೆಯವರೆಗೆ ಎಣಿಸಿ. 132 ಚಿತ್ರಿಕೆ ಬಂದರೆ 0.55 ಸೆಕೆಂಡು, ಅಂದರೆ 37 ಸೆಂಟಿಮೀಟರ್. ಒಂದು ಎಚ್ಚರಿಕೆ: ಇಳಿಯುವಾಗ ಮಂಡಿ ಮಡಚಿದರೆ ಪಾದ ತಡವಾಗಿ ನೆಲ ಮುಟ್ಟಿ ಲೆಕ್ಕ ಉಬ್ಬುತ್ತದೆ, ಆದ್ದರಿಂದ ಹೊರಟ ಭಂಗಿಯಲ್ಲೇ ಇಳಿಯಬೇಕು. ಕೈ ಕಟ್ಟಿ, ಕೈ ಬೀಸಿ, ಓಡಿ ಬಂದು, ಹೀಗೆ ಹಾರಿಸಿ ಕೋಷ್ಟಕ ಬರೆಸಿದರೆ ಅದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಹಣದ ಕೊರತೆಯಿರುವ ಸರ್ಕಾರಿ ಶಾಲೆಯಲ್ಲೂ ಒಬ್ಬ ಶಿಕ್ಷಕರ ಫೋನಿನಿಂದ ಇದು ಸಾಧ್ಯ. ವಿಜ್ಞಾನದ ಪೀರಿಯಡ್ಡೂ ಆಟದ ಪೀರಿಯಡ್ಡೂ ತಿಂಗಳಿಗೊಮ್ಮೆಯಾದರೂ ಒಂದೇ ಮೈದಾನದಲ್ಲಿ ನಡೆಯಲಿ ಎಂಬುದು ನನ್ನ ಮನಃಪೂರ್ವಕ ಒತ್ತಾಯ.

ಅದರ ಲಾಭ ಕ್ರೀಡೆಗೂ ಇದೆ. ತಾಲೂಕು ಮಟ್ಟದ ಕೂಟಗಳಲ್ಲಿ ಮರಳಿನ ಗುಂಡಿಯ ಬಳಿ ನಿಂತ ದೊಡ್ಡವರು ಹಾರುತ್ತಿರುವ ಮಕ್ಕಳಿಗೆ ಇನ್ನೂ ಮೇಲೆ, ಕಾಲು ಎತ್ತು ಎಂದು ಕೂಗುತ್ತಾರೆ. ಆ ಕೂಗು ತಲುಪುವ ಹೊತ್ತಿಗೆ ಮಗು ಮಾಡಬಹುದಾದದ್ದು ಇಳಿಯುವ ಸಿದ್ಧತೆಯೊಂದೇ. ಹೇಳಬೇಕಾದ ಮಾತುಗಳು ಅದಕ್ಕಿಂತ ಮೊದಲಿನವು: ಓಟದ ವೇಗ ಹಲಗೆಯವರೆಗೂ ಕುಗ್ಗದಿರಲಿ, ಕೊನೆಯ ಹೆಜ್ಜೆಗೆ ಮುಂಚಿನದರಲ್ಲಿ ಸೊಂಟ ತುಸು ತಗ್ಗಲಿ, ಕೊನೆಯ ಹೆಜ್ಜೆ ಚಿಕ್ಕದಾಗಿ ಚುರುಕಾಗಿರಲಿ, ಪಾದ ಪೂರ್ತಿ ಊರಿ ನೆಲವನ್ನು ಬಲವಾಗಿ ಒತ್ತಲಿ, ಕೈಗಳು ಮೇಲಕ್ಕೆ ಬೀಸಲಿ. ಗಾಳಿಯಲ್ಲಿ ಸಿಗುವ ಪ್ರತಿ ಕ್ಷಣಕ್ಕೂ ಬೆಲೆ ಕೊಡಬೇಕಾದದ್ದು ನೆಲದ ಮೇಲಿನ ಆ ಎರಡು ಹೆಜ್ಜೆಗಳಲ್ಲಿ. ಮಕ್ಕಳ ತರಬೇತಿಯೂ ಅಲ್ಲಿಂದಲೇ ಆರಂಭವಾಗಬೇಕು.